ಹಿಂದಿನ ಎಡ ಟೈರು

ರೇಸಿಂಗ್ ಸಿಮ್ಯುಲೇಟರಿನ ಕಾರುಗಳಿಗೆ ಟೈರಿನ ಲೆಕ್ಕ ಹೊಂದಿಸುವುದು ನನ್ನ ಕೆಲಸ. ಊರು ಹೊಳಲ್ಕೆರೆ, ಇರುವುದು ಬೆಂಗಳೂರಿನಲ್ಲಿ. ಆ ಏಪ್ರಿಲ್‌ನಲ್ಲಿ ಅವ್ವನ ಕಣ್ಣು ತೋರಿಸಲು ಅವಳನ್ನು ಕರೆದುಕೊಂಡು ಊರಿಂದ ಹೊರಟಿದ್ದೆ. ಚಿತ್ರದುರ್ಗದಲ್ಲಿ ನಾಲ್ಕೂ ಟೈರಿನ ಗಾಳಿ ನೋಡಿಸಿದೆ. ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಬಿಸಿಲು ಜೋರಾಗಿತ್ತು.

ಐಮಂಗಲ ದಾಟಿ ಹಿರಿಯೂರಿನ ಕಡೆ ಹೋಗುವಾಗ ಹಿಂದುಗಡೆ ಢಂ ಎಂದಿತು. ವೇಗ ಗಂಟೆಗೆ 85 ಕಿ.ಮೀ. ಆಸುಪಾಸು. ಕೈಯಲ್ಲಿದ್ದ ಸ್ಟೀರಿಂಗ್ ಅಲುಗಲಿಲ್ಲ. ಹಿಂಬದಿ ಜಾರಿದ್ದು ಸೊಂಟಕ್ಕೆ ತಿಳಿಯಿತು. ಆಮೇಲೆ ಕಾರಿನ ಮೂತಿ ಎಡಕ್ಕೆ ತಿರುಗತೊಡಗಿತು.

ಬ್ರೇಕ್ ಒತ್ತಲಿಲ್ಲ. ಒತ್ತಿದರೆ ಭಾರ ಮುಂದಕ್ಕೆ ಬೀಳುತ್ತದೆ, ಹಿಂದೆ ಉಳಿದಷ್ಟು ಹಿಡಿತವೂ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ನಿಧಾನಕ್ಕೆ ತೆಗೆದೆ. ಸ್ಟೀರಿಂಗ್ ಸ್ವಲ್ಪ ಬಲಕ್ಕೆ ಹಿಡಿದೆ. ಹಿಂದಿನ ಲಾರಿಯ ಹಾರನ್ ಬಿಡದೆ ಕೇಳುತ್ತಿತ್ತು. ಅವ್ವ ಒಂದು ಸಲ ನನ್ನ ಹೆಸರು ಕೂಗಿದಳು. ಇಬ್ಬರೂ ಸಾಯುತ್ತೇವೆ ಅನ್ನಿಸಿತು. ಕಾರು ಮಣ್ಣಿಗಿಳಿದು, ಎಡಮೂಲೆ ಮೋರಿಯ ಕಟ್ಟೆಗೆ ಬಡಿದು ನಿಂತಿತು.

ಲಾರಿಯವರು ಗಾಡಿ ನಿಲ್ಲಿಸಿ ಓಡಿಬಂದರು. ಅವ್ವನ ಕಡೆಯ ಬಾಗಿಲು ಸಿಕ್ಕಿಕೊಂಡಿತ್ತು. ಎಳೆದು ತೆಗೆದರು. "ಬ್ರೇಕ್ ಹಾಕಿದ್ರೆ ಪಲ್ಟಿ ಹೊಡೀತಿತ್ತು ಕಣಣ್ಣ" ಅಂದರು. ಹೊಲದಲ್ಲಿದ್ದ ಹೆಂಗಸೊಬ್ಬರು ನೀರು ತಂದರು. 108 ಬರುವವರೆಗೂ ಅವ್ವನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದು ನಿಂತಿದ್ದರು.

ಹಿರಿಯೂರಿನಲ್ಲಿ ಎಕ್ಸ್‌ರೇ ತೆಗೆದರು. ಅವ್ವನ ತೊಡೆಮೂಳೆ ಸೊಂಟದ ಹತ್ತಿರ ಮುರಿದಿತ್ತು. ನನ್ನದು ಬಲ ಮಣಿಕಟ್ಟು. ಹೊಸದುರ್ಗದಿಂದ ಮಾವ ಬಂದರು. ಚಿತ್ರದುರ್ಗಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿ ರಾಡ್ ಹಾಕಿಸಿದೆವು. ರಾತ್ರಿ ನೋವು ಬಂದರೆ ಅವ್ವ ಕೂಗುತ್ತಿರಲಿಲ್ಲ, ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಲಗಿದ ನನಗೆ ನಿದ್ದೆ ಹತ್ತುವಾಗೆಲ್ಲ ಸೊಂಟದ ಕೆಳಗೆ ಕಾರು ಜಾರುತ್ತಿತ್ತು.

ಮಾವ ಟೈರನ್ನು ಪಂಚರ್ ಅಂಗಡಿಗೆ ಒಯ್ದು ತೋರಿಸಿದ್ದರು. ಬೋಲ್ಟಿನ ಚೂರೊಂದು ಹೊಕ್ಕಿತ್ತು. ದಾರಿಯಲ್ಲೇ ಗಾಳಿ ಸೋರಿದೆ. ಗಾಳಿ ಇಳಿದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಹನ್ನೆರಡು, ಹದಿಮೂರು ಸುತ್ತು. ಬಾಗಿದಷ್ಟೂ ಕಾಯುತ್ತದೆ, ಕಾದು ಒಡೆಯುತ್ತದೆ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಸಿಮ್ಯುಲೇಟರಿನ ಸ್ಟೀರಿಂಗ್ ತಿರುಗಿಸಿದರೆ ಮಣಿಕಟ್ಟು ನೋಯುತ್ತಿತ್ತು. ಟೈರ್ ಒಡೆಯುವುದನ್ನು ಸೇರಿಸುವ ಕೆಲಸ ಮೊದಲೇ ಬಾಕಿ ಇತ್ತು. ಬೇರೆಯವರಿಗೆ ಕೊಡೋಣ ಎಂದರು. ನಾನೇ ಮಾಡುತ್ತೇನೆ ಎಂದೆ.

ನಾವು ಬಳಸುವುದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಚೇಕಾ ಅವರು ವೋಲ್ವೊ ಎಂಜಿನಿಯರರ ಜೊತೆ ಕಟ್ಟಿದ, 1987ರಲ್ಲಿ ಪ್ರಕಟವಾದ ಸೂತ್ರ. ಮ್ಯಾಜಿಕ್ ಫಾರ್ಮುಲಾ ಎನ್ನುತ್ತಾರೆ. ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಹೋಗುವ ದಿಕ್ಕಿಗೂ ನಡುವೆ ಸಣ್ಣ ಕೋನ ಇರುತ್ತದೆ. ಕೋನ ಹೆಚ್ಚಿದಂತೆ ಹಿಡಿತ ಏರುತ್ತದೆ, ಒಂದು ಮಟ್ಟದ ನಂತರ ಇಳಿಯುತ್ತದೆ. ಒಡೆದ ಟೈರಿಗೆ ಆ ಏರಿಕೆಯನ್ನೇ ತಗ್ಗಿಸಬೇಕು. ಜೊತೆಗೆ ಅದು ರಸ್ತೆಗೆ ಉಜ್ಜಿ ಹಿಂದಕ್ಕೆ ಎಳೆಯುವ ಬಲವನ್ನು ಸೇರಿಸಬೇಕು. ನಮ್ಮ ಕಾರನ್ನು ಎಡಕ್ಕೆ ತಿರುಗಿಸಿದ್ದು ಆ ಎಳೆತ.

ಮೊದಲ ಸಲ ಪರದೆಯ ಮೇಲೆ ಹಿಂದಿನ ಎಡ ಟೈರು ಒಡೆಸಿದಾಗ ಅಂಗೈ ಬೆವತಿತು. ಎದ್ದು ಹೊರಗೆ ಹೋದೆ. ಸಂಜೆ ಬಂದು ಮತ್ತೆ ಕೂತೆ.

ಟೈರ್ ಒಡೆದ ತಕ್ಷಣ ಸ್ಟೀರಿಂಗ್ ನಡುಗುವಂತೆ ಮಾಡೋಣ, ಆಡುವವರಿಗೆ ಬೇಗ ಗೊತ್ತಾಗುತ್ತದೆ ಎಂದು ತಂಡದಲ್ಲಿ ಕೇಳಿದರು. ನಾನು ಒಪ್ಪಲಿಲ್ಲ. ಸ್ಟೀರಿಂಗಿಗೆ ಬರುವ ಬಲ ಮುಂದಿನ ಟೈರುಗಳದ್ದು. ಹಿಂದೆ ಒಡೆದದ್ದು ಕಾರು ತಿರುಗಲು ಶುರುವಾದ ಮೇಲಷ್ಟೇ ಕೈಗೆ ಬರುತ್ತದೆ. ಇಲ್ಲದ ನಡುಕವನ್ನು ಕಲಿತವನು ಹೆದ್ದಾರಿಯಲ್ಲೂ ಅದಕ್ಕಾಗಿ ಕಾಯುತ್ತಾನೆ. ಕಾಯಲು ಅಲ್ಲಿ ಸಮಯವಿಲ್ಲ. ಶಬ್ದ ಕೊಟ್ಟೆ. ಪರದೆಯಲ್ಲಿ ರಸ್ತೆ ಓರೆಯಾಗುವುದು ಕಾಣುತ್ತದೆ. ಸೀಟಿನಡಿ ಕಂಪಿಸುವ ಪ್ಯಾಡ್ ಇದ್ದವರಿಗೆ ಅಲ್ಲಿಂದಲೂ ತಿಳಿಯುತ್ತದೆ. ಅದಕ್ಕಿಂತ ಹೆಚ್ಚು ಸೇರಿಸಲಿಲ್ಲ.

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ಬೆಂಗಳೂರಿಗೆ ಚಿಕ್ಕಜಾಜೂರಿನಿಂದ ರೈಲಿನಲ್ಲಿ ಬರುತ್ತಾಳೆ. "ನೀನೂ ರೈಲಲ್ಲೇ ಬಾರಪ್ಪ" ಅನ್ನುತ್ತಾಳೆ. ಒಮ್ಮೊಮ್ಮೆ ಹಾಗೇ ಮಾಡುತ್ತೇನೆ. ಕಾರಿನಲ್ಲಿ ಹೋದರೆ ಐಮಂಗಲದಿಂದ ಹಿರಿಯೂರಿನವರೆಗೆ ಮಾತಾಡಲು ಆಗುವುದಿಲ್ಲ.

ಈ ವಾರ ಹಿಂದಿನ ಬಲ ಟೈರಿನ ಲೆಕ್ಕ ಹಿಡಿದಿದ್ದೇನೆ. ಅದು ಒಡೆದರೆ ಕಾರು ಡಿವೈಡರ್ ಕಡೆಗೆ ತಿರುಗುತ್ತದೆ.