ಗಾಲಿಮನೆಯಲ್ಲಿ ಕಡಲೂರುಗಳಿಗೆ

ಮಕ್ಕಳೇ, ಒಂದು ಬಸ್ಸಿನೊಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಬಚ್ಚಲು, ಶೌಚಾಲಯ ಎಲ್ಲವೂ ಇದ್ದರೆ ಹೇಗಿರುತ್ತದೆ? ಅಮೆರಿಕದಲ್ಲಿ ಇಂಥ ಗಾಡಿಗೆ ಆರ್‌ವಿ ಎನ್ನುತ್ತಾರೆ. ನನ್ನ ಮೊಮ್ಮಗಳು ಅದಕ್ಕೆ ‘ಗಾಲಿಮನೆ’ ಎಂದು ಹೆಸರಿಟ್ಟಳು. ಕಳೆದ ಬೇಸಿಗೆಯಲ್ಲಿ ನಾನು, ನನ್ನ ಹೆಂಡತಿ, ಮಗಳು, ಅಳಿಯ, ಮೊಮ್ಮಗಳು ಇಂಥದೊಂದು ಗಾಡಿಯನ್ನು ಬಾಡಿಗೆಗೆ ಹಿಡಿದು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಉತ್ತರಕ್ಕೆ ಹನ್ನೆರಡು ದಿನ ತಿರುಗಿದೆವು. ನೋಡಬೇಕಾದದ್ದು ಎರಡು: ಪೆಸಿಫಿಕ್ ಕಡಲು ಮತ್ತು ನನ್ನ ಇಬ್ಬರು ಹಳೆಯ ಗೆಳೆಯರು.

1978ರಲ್ಲಿ ನಾವು ಮೂವರೂ ಹೊನ್ನಾವರದ ಒಂದೇ ಬ್ಯಾಂಕ್ ಶಾಖೆಯಲ್ಲಿದ್ದೆವು. ಒಬ್ಬ ನನ್ನ ಪಕ್ಕದ ಮೇಜಿನಲ್ಲಿ ಲೆಡ್ಜರ್ ಬರೆಯುತ್ತಿದ್ದ. ಇನ್ನೊಬ್ಬ ಹೆಡ್ ಕ್ಯಾಷಿಯರ್. ಭಾನುವಾರ ಸಂಜೆ ಕಾಸರಕೋಡಿನ ಮರಳಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆವು. ಈಗ ಇಬ್ಬರೂ ಮಕ್ಕಳೊಂದಿಗೆ ಅಮೆರಿಕದಲ್ಲಿದ್ದಾರೆ. ಮುಖ ನೋಡಿ ಹದಿನಾಲ್ಕು ವರ್ಷವಾಗಿತ್ತು.

ಗಾಲಿಮನೆಯ ಸಂಸಾರಕ್ಕೂ ಲೆಕ್ಕ ಬೇಕು. ಒಂದು ತೊಟ್ಟಿಯಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ ನೀರು, ಮೂರನೆಯದರಲ್ಲಿ ಶೌಚದ ನೀರು. ಮೊದಲನೆಯದು ಖಾಲಿಯಾದಂತೆ ಉಳಿದೆರಡು ತುಂಬುತ್ತವೆ. ಜಮಾ-ಖರ್ಚು ಗಮನಿಸದಿದ್ದರೆ ಮೈಗೆ ಸೋಪು ಹಚ್ಚಿಕೊಂಡಾಗಲೇ ನೀರು ನಿಲ್ಲುತ್ತದೆ! ರಾತ್ರಿ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಿ, ಅಲ್ಲಿನ ಕರೆಂಟಿಗೆ ವಯರು ಸಿಕ್ಕಿಸಿ, ಉಪ್ಪಿಟ್ಟು ಮಾಡಿಕೊಳ್ಳುತ್ತಿದ್ದೆವು. ಗಾಡಿ ಓಡುವಾಗ ಮಾತ್ರ ಎಲ್ಲರೂ ಬೆಲ್ಟ್ ಹಾಕಿಕೊಂಡು ಕೂರಲೇಬೇಕು.

ಲೆಡ್ಜರ್ ಗೆಳೆಯ ಸಿಕ್ಕಿದ್ದು ಸ್ಯಾಂಟಾ ರೋಸಾದಲ್ಲಿ. ಅವನಿಗೆ ಈಗ ಕಿವಿ ತೀರಾ ಮಂದ. ಫೋನಿನಲ್ಲಿ ನಾನೊಂದು ಕೇಳಿದರೆ ಅವನೊಂದು ಹೇಳುತ್ತಿದ್ದ. ಎದುರು ಕೂತಾಗ ಆ ತೊಂದರೆ ಇರಲಿಲ್ಲ. ಕಾಗದದ ಮೇಲೆ ನಾನು ಬರೆದೆ, ಅವನು ಓದಿ ಜೋರಾಗಿ ನಕ್ಕ. ಅವನ ಅಕ್ಷರ ಇಂದಿಗೂ ಅಚ್ಚು ಒತ್ತಿದಂತೆ ದುಂಡಗಿದೆ. ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಹಾಳೆ ಮುಗಿದಿತ್ತು. ಅಷ್ಟನ್ನೂ ಅವನು ಜೋಪಾನವಾಗಿ ಎತ್ತಿಟ್ಟುಕೊಂಡ.

ಅಲ್ಲಿಂದ ಮುಂದೆ ರೆಡ್‌ವುಡ್ ಮರಗಳ ಕಾಡು. ಭೂಮಿಯ ಮೇಲಿನ ಅತಿ ಎತ್ತರದ ಮರಗಳು ಇವೇ. ದೆಹಲಿಯ ಕುತುಬ್ ಮಿನಾರ್ 73 ಮೀಟರ್ ಎತ್ತರ. ಇಲ್ಲಿ 100 ಮೀಟರ್ ದಾಟಿದ ಮರಗಳೂ ಇವೆ. ಮಳೆಯಿಲ್ಲದ ಬೇಸಿಗೆಯಲ್ಲಿ ಇವು ಕಡಲಿನಿಂದ ಬರುವ ಮಂಜಿನ ತೇವವನ್ನು ಹೀರಿ ಬದುಕುತ್ತವೆ.

ಕಾಡು ದಾಟಿದರೆ ಕ್ರೆಸೆಂಟ್ ಸಿಟಿ. ಅಲ್ಲಿನ ಬ್ಯಾಟರಿ ಪಾಯಿಂಟ್ ದೀಪಸ್ತಂಭ ಮೊದಲು ಬೆಳಗಿದ್ದು 1856ರಲ್ಲಿ. ಅದು ನಿಂತಿರುವ ಬಂಡೆಗೆ ಸೇತುವೆಯಿಲ್ಲ. ಕಡಲು ಇಳಿದಾಗ ಕಲ್ಲುಗಳ ನಡುವೆ ದಾರಿ ತೆರೆಯುತ್ತದೆ, ಉಬ್ಬರ ಬಂದರೆ ಮುಳುಗುತ್ತದೆ. “ನೀರು ಎಲ್ಲಿಗೆ ಹೋಯಿತು ತಾತ?” ಎಂದಳು ಮೊಮ್ಮಗಳು. ಚಂದ್ರ, ಸೂರ್ಯರ ಸೆಳೆತಕ್ಕೆ ಕಡಲು ಏರಿ ಇಳಿಯುವುದನ್ನು ವಿವರಿಸಿದೆ. ಇಂಥ ದಿನ ಇಂಥ ಹೊತ್ತಿಗೆ ಇಳಿತ ಎಂದು ಮೊದಲೇ ಲೆಕ್ಕ ಹಾಕಿದ ಪಟ್ಟಿ ಸಿಗುತ್ತದೆ. ಅದನ್ನು ನೋಡಿಕೊಂಡೇ ಹೋಗಿ, ಹೊತ್ತಿಗೆ ಸರಿಯಾಗಿ ಮರಳಿದೆವು. 1964ರಲ್ಲಿ ಅಲಾಸ್ಕಾದ ಭೂಕಂಪದಿಂದ ಎದ್ದ ಸುನಾಮಿ ಈ ಊರಿಗೆ ನುಗ್ಗಿತ್ತು. ಮೊದಲ ಅಲೆಗಳು ಹೋದವೆಂದು ಕೆಲವರು ಮರಳಿ ಬಂದಿದ್ದರು. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಈಗ ಈ ಕರಾವಳಿಯುದ್ದಕ್ಕೂ ಸುನಾಮಿ ಬಂದರೆ ಯಾವ ಕಡೆ ಓಡಬೇಕೆಂದು ತೋರಿಸುವ ಫಲಕಗಳಿವೆ.

ನಂತರ ಒರೆಗಾನ್ ರಾಜ್ಯ. 1967ರ ಕಾನೂನಿನಿಂದಾಗಿ ಇಲ್ಲಿನ ಮರಳ ತೀರದಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ. ಯಾರೂ ಬೇಲಿ ಹಾಕುವಂತಿಲ್ಲ. ನ್ಯೂಪೋರ್ಟ್ ಬಳಿಯ ಯಾಕ್ವಿನಾ ಹೆಡ್‌ನಲ್ಲಿ 93 ಅಡಿ ಎತ್ತರದ ದೀಪಸ್ತಂಭವಿದೆ. ಅದರ ಕೆಳಗೆ, ಇಳಿತದಲ್ಲಿ ಬಂಡೆಗಳ ನಡುವೆ ಉಳಿದ ಗುಂಡಿಗಳಲ್ಲಿ ನಕ್ಷತ್ರಮೀನುಗಳು, ಹಸಿರು ಹೂವಿನಂತೆ ಅರಳಿದ ಅನಿಮೋನ್ ಎಂಬ ಪ್ರಾಣಿಗಳು! ನೋಡಬಹುದು, ಕಿತ್ತು ತರುವಂತಿಲ್ಲ.

ಹೆಡ್ ಕ್ಯಾಷಿಯರ್ ಇರುವುದು ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದಲ್ಲಿ. ನೋಟಿನ ಕಟ್ಟನ್ನು ಕಣ್ಣು ಮಿಟುಕಿಸುವುದರೊಳಗೆ ಎಣಿಸುತ್ತಿದ್ದವನು ಅವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಕಡಲು ಎರಡು ಗಂಟೆಯೊಳಗಿನ ದಾರಿ, ಆದರೂ ಆ ಎರಡು ವರ್ಷ ಅವನು ಅದನ್ನು ಕಂಡಿರಲಿಲ್ಲ. ಕಾರಿನಲ್ಲಿ ಬಹಳ ಹೊತ್ತು ಕೂರಲಾಗದು, ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದರೆ ಏನು ಗತಿ ಎಂಬ ಸಂಕೋಚ ಬೇರೆ. “ಅಂಕಲ್, ನಮ್ಮ ಗಾಡಿಯಲ್ಲಿ ಮಂಚವೂ ಇದೆ, ಶೌಚಾಲಯವೂ ಇದೆ. ದಾರಿಯಲ್ಲಿ ನಿಲ್ಲಿಸಿ ಮಲಗಿ, ಮತ್ತೆ ಹೊರಡೋಣ,” ಎಂದಳು ನನ್ನ ಮಗಳು. ಅವನ ಹೆಂಡತಿಗೆ ಭಯ. ಅವನು ಮಾತಾಡಲಿಲ್ಲ, ಎಡಗೈಯಿಂದ ಟೋಪಿ ಎತ್ತಿ ತಲೆಗಿಟ್ಟುಕೊಂಡ.

ಅಳಿಯ ಮತ್ತು ಅವನ ಮಗ ಸೇರಿ ಗಾಡಿಗೆ ಹತ್ತಿಸಿದರು. ನಡುವೆ ಒಮ್ಮೆ ನಿಲ್ಲಿಸಿ ಅರ್ಧ ಗಂಟೆ ಮಲಗಿಸಿದೆವು. ಕ್ಯಾನನ್ ಬೀಚ್‌ನಲ್ಲಿ, ಮರಳಿನಲ್ಲಿ ಹೂತುಹೋಗದಂಥ ಬಲೂನು ಚಕ್ರದ ಗಾಲಿಕುರ್ಚಿಯಲ್ಲಿ ಕೂರಿಸಿ ನೀರಿನ ಅಂಚಿಗೆ ತಂದೆವು. ಎದುರಿಗೆ 235 ಅಡಿಯ ಹೇಸ್ಟ್ಯಾಕ್ ಬಂಡೆ, ಹೆಚ್ಚುಕಡಿಮೆ ಕುತುಬ್ ಮಿನಾರಿನಷ್ಟೇ ಎತ್ತರ. ಬೇಸಿಗೆಯಲ್ಲಿ ಅದರ ಮೇಲೆ ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿಗಳು ಗೂಡು ಮಾಡುತ್ತವೆ.

ಅಲೆ ಪಾದಕ್ಕೆ ತಾಗಿದ್ದೇ ತಡ, “ಅಯ್ಯೋ ಮಾರಾಯ, ಇದು ಕಡಲೋ ಐಸ್ ಪೆಟ್ಟಿಗೆಯೋ!” ಎಂದು ಕೂಗಿದ. ಉತ್ತರದಿಂದ ಹರಿದುಬರುವ ಪ್ರವಾಹ ಮತ್ತು ಆಳದಿಂದ ಮೇಲೇಳುವ ನೀರಿನಿಂದ ಇಲ್ಲಿನ ಕಡಲು ಬೇಸಿಗೆಯಲ್ಲೂ ತಣ್ಣಗೆ. ಆದರೂ ಕಾಲು ಹಿಂದಕ್ಕೆ ಎಳೆಯಲು ಬಿಡಲಿಲ್ಲ. ಮೊಮ್ಮಗಳು ಬೈನಾಕ್ಯುಲರ್ ಕೊಟ್ಟಾಗ ಎಡಗೈಯಲ್ಲಿ ಹಿಡಿದು, “ಒಂದು, ಎರಡು, ಮೂರು...” ಎಂದು ಹಕ್ಕಿ ಎಣಿಸಿದ. ಹದಿನೇಳಕ್ಕೆ ನಿಲ್ಲಿಸಿ, “ಇನ್ನೊಮ್ಮೆ ಎಣಿಸಬೇಕು, ಒಮ್ಮೆ ಎಣಿಸಿದ್ದಕ್ಕೆ ಸಹಿ ಹಾಕುವಂತಿಲ್ಲ,” ಎಂದ. ಅವನ ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡರು.

ನಮ್ಮ ವಯಸ್ಸಿನವರ ಭೇಟಿಗೂ ಕ್ರೆಸೆಂಟ್ ಸಿಟಿಯ ಆ ದಾರಿಯ ಹಾಗೆ ಹೊತ್ತಿದೆ, ತೆರೆದಿರುವಾಗ ಹೋಗಿಬರಬೇಕು. ಅದಕ್ಕೆ ಅಮೆರಿಕವೂ ಬೇಡ, ಗಾಲಿಮನೆಯೂ ಬೇಡ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯ ಹಳೆಯ ಗೆಳೆಯರು ಈಗ ಯಾವ ಊರಿನಲ್ಲಿದ್ದಾರೆ ಎಂದು ಇವತ್ತೇ ಕೇಳಿ. ಬಸ್ಸಿನ ದಾರಿಯಾದರೆ, ಮುಂದಿನ ರಜೆಯಲ್ಲಿ ಕೈಹಿಡಿದು ಕರೆದುಕೊಂಡು ಹೋಗಿ.