ಚೆಂಡಿಗೆ ರಜವಿದ್ದ ಭಾನುವಾರ

ಗಾಲ್ಫ್ ಅಂದರೆ ನಮ್ಮ ಊರುಗಳ ಹೆಂಗಸರಿಗೆ ಏನು ಗೊತ್ತು ಹೇಳಿ? ಬಿಳಿ ಟೋಪಿಯ ದೊಡ್ಡ ಮನುಷ್ಯರು, ಹಿಂದೆ ಚೀಲ ಹೊತ್ತು ನಡೆಯುವ ಹುಡುಗ, ಬೇಲಿಯಾಚೆಯ ಹಸಿರು, ಅಷ್ಟೆ. ನನಗೂ ಅಷ್ಟೇ ಗೊತ್ತಿತ್ತು. 2021ರ ಆಗಸ್ಟ್ 7ರಂದು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಳಲ್ಲ, ಅವತ್ತು ಬೆಳಿಗ್ಗೆ ದೋಸೆ ಹಿಟ್ಟು ಹಾಗೇ ಬಿಟ್ಟು ಟೀವಿ ಮುಂದೆ ಕೂತವರಲ್ಲಿ ನಾನೂ ಒಬ್ಬಳು. ಆಟದ ನಿಯಮ ಗೊತ್ತಿಲ್ಲದಿದ್ದರೂ ಹೊಟ್ಟೆ ಉರಿಯಿತು!

ಆ ಆಟದ ತವರುಮನೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಸಮುದ್ರತೀರದ ಸಣ್ಣ ಊರು. ನಮ್ಮಕ್ಕ ಇರುವುದು ಡಂಡೀಯಲ್ಲಿ. ಅಲ್ಲಿಂದ ಟೇ ನದಿಯ ಉದ್ದನೆಯ ಸೇತುವೆ ದಾಟಿ ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ಮೇ ತಿಂಗಳಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ ಭಾವ, "ಭಾನುವಾರವೇ ಹೋಗೋಣ, ಅವತ್ತು ಅಲ್ಲಿ ಆಟ ಇಲ್ಲ" ಅಂದರು. ಆಟ ಇಲ್ಲದ ದಿನ ಹೋಗಿ ಏನು ನೋಡುವುದು ಅಂತ ನಾನು ಕೇಳಿದೆ. "ಬೇರೆ ದಿನ ಕಾಲಿಡೋಕೆ ಬಿಡೋಲ್ಲ ಕಣಮ್ಮಾ. ಭಾನುವಾರ ಅದು ಊರಿನ ಪಾರ್ಕು" ಅಂತ ಉತ್ತರ ಬಂತು.

ಅದು ನಿಜ. 'ಓಲ್ಡ್ ಕೋರ್ಸ್' ಎಂಬ ಈ ಹಳೆಯ ಮೈದಾನದಲ್ಲಿ, ದೊಡ್ಡ ಪಂದ್ಯಗಳ ದಿನಗಳನ್ನು ಬಿಟ್ಟರೆ, ಭಾನುವಾರ ಯಾರೂ ಆಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ ಎಂಬ ಮುದುಕ, ಆಡುವವರಿಗೆ ಬೇಡವಾದರೂ ನೆಲಕ್ಕೆ ವಿಶ್ರಾಂತಿ ಬೇಕು ಅಂತ ಹಟ ಹಿಡಿದನಂತೆ. ಉಳಿದ ದಿನ ಬೇಸಿಗೆಯಲ್ಲಿ ಹೊರಗಿನವರು ಒಂದು ಸುತ್ತು ಆಡಲು ಮುನ್ನೂರು ಪೌಂಡಿಗೂ ಹೆಚ್ಚು ಕೊಡಬೇಕು. ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿ ಮೀರಿತು! ಅದಕ್ಕೂ ಚೀಟಿ ಎತ್ತಿ ಹೆಸರು ಬರಬೇಕು. ಭಾವನವರಿಗೆ ಒಮ್ಮೆ ಹಾಗೆ ಹೆಸರು ಬಂದು ಆಡಿದ್ದಾರೆ. ಆ ಕಥೆಯನ್ನೇ ಅವರು ದಾರಿಯುದ್ದಕ್ಕೂ ಹೇಳುತ್ತಾ ಬಂದರು.

ಆಟ ಇಷ್ಟೇ. ನೆಲದಲ್ಲಿ ನಾಲ್ಕೂಕಾಲು ಅಂಗುಲ ಅಗಲದ ಗುಳಿ, ಸಣ್ಣ ಚೊಂಬಿನ ಬಾಯಿಯಷ್ಟು. ಒಂದು ಫರ್ಲಾಂಗು ಎರಡು ಫರ್ಲಾಂಗು ದೂರದಿಂದ ಚೆಂಡನ್ನು ಹೊಡೆಯುತ್ತಾ ಬಂದು, ಆದಷ್ಟು ಕಡಿಮೆ ಹೊಡೆತದಲ್ಲಿ ಅದರೊಳಗೆ ಬೀಳಿಸಬೇಕು. ಅಂಥ 18 ಗುಳಿ. ಹದಿನೆಂಟೇ ಏಕೆ ಅಂದರೆ, ಈ ಊರಿನವರು 1764ರಲ್ಲಿ ಮೊದಲಿನ ನಾಲ್ಕನ್ನು ಎರಡು ಮಾಡಿದರು. ಹೋಗುವಾಗಲೂ ಬರುವಾಗಲೂ ಅದೇ ದಾರಿಯಾದ್ದರಿಂದ 22 ಇದ್ದದ್ದು 18 ಆಯಿತು. ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು.

ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿ, ಕಾಲಿಗೆ ಅಕ್ಕನ ಬೂಟು ತೊಟ್ಟು ಹೊರಟೆ. ಅಲ್ಲಿನ ಗಾಳಿಗೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸದಿದ್ದರೆ ಕತೆ ಮುಗಿಯಿತು.

ಮೊದಲ ಗುಳಿಯ ದಾರಿ ಎಷ್ಟು ಅಗಲ ಅಂತೀರಿ! ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ಬಯಲು. ನಡುವೆ ಊರಿನ ಒಂದು ಸಣ್ಣ ರಸ್ತೆಯೇ ಅಡ್ಡ ಹಾಯ್ದು ಸಮುದ್ರದ ಕಡೆಗೆ ಹೋಗುತ್ತದೆ. ಅದರ ಹೆಸರು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್, ಅಂದರೆ ಕ್ಲಾರ್ಕಜ್ಜಿಯ ಓಣಿ. ಗುಳಿಯ ಸ್ವಲ್ಪ ಮುಂಚೆ ಸ್ವಿಲ್ಕನ್ ಎಂಬ ತೊರೆ ಸಿಗುತ್ತದೆ. ತೊರೆ ಅನ್ನುವುದಕ್ಕಿಂತ ಕಾಲುವೆ ಅನ್ನಿ, ಉದ್ದ ಹೆಜ್ಜೆ ಹಾಕಿದರೆ ದಾಟಬಹುದು. ಭಾವನ ಮೊದಲ ಚೆಂಡು ಇದರಲ್ಲೇ ಮುಳುಗಿತಂತೆ. ನನಗೆ ಇಷ್ಟವಾದದ್ದು ಬೇರೆ ಸಂಗತಿ. ಹಿಂದಿನ ಕಾಲದಲ್ಲಿ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದುದು ಇದೇ ತೊರೆಯಲ್ಲಿ. ಒಗೆದದ್ದನ್ನು ಈ ಹುಲ್ಲಿನ ಮೇಲೆ, ಮುಳ್ಳುಪೊದೆಗಳ ಮೇಲೆ ಹರವುತ್ತಿದ್ದರು. ನಾರಿನ ಬಟ್ಟೆ ಬಿಳುಪಾಗಲು ಬಿಸಿಲಿಗೆ ಹಾಸುತ್ತಿದ್ದರು. ಒಂದು ಕಡೆ ಗಂಡಸರ ಚೆಂಡು, ಇನ್ನೊಂದು ಕಡೆ ಹೆಂಗಸರ ಒದ್ದೆ ಬಟ್ಟೆ. ನೆಲ ಇಬ್ಬರದೂ!

ಹೌದು, ನಮ್ಮ ಗೋಮಾಳವಿದ್ದ ಹಾಗೆ ಇದೂ ಊರೊಟ್ಟಿನ ನೆಲ. 1552ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟ ಪತ್ರವೊಂದಿದೆ. ತನಗೆ ಮೊಲ ಸಾಕುವ ಹಕ್ಕು, ಜನಕ್ಕೆ ದನಕುರಿ ಮೇಯಿಸುವ, ಆಡುವ ಹಕ್ಕು ಅಂತ. ಎರಡನೆಯ ಗುಳಿಯ ದಾರಿಯಲ್ಲಿ ಪೊದೆಯಿಂದ ಮೊಲವೊಂದು ಚಂಗನೆ ಹಾರಿದಾಗ ಭಾವ ನಕ್ಕು, "ಇದರ ಮುತ್ತಾತಂದಿರ ಮೇಲೆ ಕೋರ್ಟು ಕಚೇರಿ ಆಗಿತ್ತು" ಅಂದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಾಲದಲ್ಲಿ ಮುಳುಗಿದ ಊರಿನ ಆಡಳಿತ ಈ ನೆಲವನ್ನೇ ಮಾರಿಬಿಟ್ಟಿತು. ಕೊಂಡ ವ್ಯಾಪಾರಿಗಳು ಇಲ್ಲಿ ಮೊಲ ಸಾಕತೊಡಗಿದರು. ಮೊಲ ಅಂದರೆ ಗೊತ್ತಲ್ಲ, ಎರಡು ಬಿಟ್ಟರೆ ಇನ್ನೂರು. ನೆಲವೆಲ್ಲ ಬಿಲವಾಯಿತು. ಇಪ್ಪತ್ತು ವರ್ಷ ಹೊಡೆದಾಟ, ವ್ಯಾಜ್ಯ. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಪಕ್ಕದ ಜಮೀನ್ದಾರ ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಊರಿನ ಆಡಳಿತವೇ ಮತ್ತೆ ಕೊಂಡಿತು. 1974ರಿಂದ ಒಂದು ಟ್ರಸ್ಟು ನೋಡಿಕೊಳ್ಳುತ್ತಿದೆ. ಮಾರಿದ ಗೋಮಾಳವನ್ನು ದುಡ್ಡು ಕೊಟ್ಟು ವಾಪಸು ತಂದ ಊರು! ನಮ್ಮೂರ ಕೆರೆಯಂಗಳ ನೆನಪಾಗಿ ನಾನು ಸುಮ್ಮನಾದೆ.

ಮೂರನೆಯದು ದಾಟಿದ್ದೇ ನೆನಪಿಲ್ಲ. ನಾಲ್ಕನೆಯದರ ಹೆಸರು 'ಜಿಂಜರ್ ಬಿಯರ್', ಅಂದರೆ ಶುಂಠಿ ಪಾನಕ. ಆಂಡರ್ಸನ್ ಎಂಬ ಮುದುಕ ಇಲ್ಲಿ ಗಾಡಿ ಇಟ್ಟುಕೊಂಡು ಅದನ್ನು ಮಾರುತ್ತಿದ್ದನಂತೆ. ಅವನ ಮಗ ಜೇಮಿ 1877ರಿಂದ ಸತತ ಮೂರು ವರ್ಷ ಇಲ್ಲಿನ ಅತಿ ದೊಡ್ಡ ಪಂದ್ಯವಾದ ಓಪನ್ ಗೆದ್ದ! ಪಾನಕದ ಗಾಡಿಯವನ ಮಗ. ಅವನ ತಾಯಿಗೆ ಎಷ್ಟು ಸಂತೋಷವಾಗಿರಬೇಕು.

ಈ ಹೊತ್ತಿಗೆ ನನಗೊಂದು ಸೋಜಿಗ ಕಂಡಿತು. ಗುಳಿಯ ಸುತ್ತಲಿನ ನುಣ್ಣಗಿನ ಹುಲ್ಲಿಗೆ ಗ್ರೀನ್ ಅನ್ನುತ್ತಾರೆ. ಇಲ್ಲಿ ಒಂದೇ ಗ್ರೀನಿನಲ್ಲಿ ಎರಡು ಗುಳಿ, ಹೋಗುವವರಿಗೊಂದು, ಬರುವವರಿಗೊಂದು. ಎರಡರ ಸಂಖ್ಯೆ ಕೂಡಿದರೆ ಪ್ರತಿ ಸಲವೂ 18! ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ನಾಲ್ಕಕ್ಕೆ ಹದಿನಾಲ್ಕು. ಅಂಥವು ಏಳು ಜೋಡಿ. ಒಂದು, ಒಂಬತ್ತು, ಹದಿನೇಳು, ಹದಿನೆಂಟು ಮಾತ್ರ ಒಂಟಿ. ಐದು ಹದಿಮೂರರ ಗ್ರೀನಂತೂ ಎರಡು ಮದುವೆಯ ಚಪ್ಪರ ಹಾಕುವಷ್ಟು ದೊಡ್ಡದು.

ಐದರಿಂದ ಏಳರವರೆಗೆ ಗೋರ್ಸ್ ಎಂಬ ಮುಳ್ಳುಪೊದೆಯ ಹಳದಿ ಹೂವು. ಮೇ ತಿಂಗಳಲ್ಲಿ ಗಿಡವೇ ಕಾಣದಷ್ಟು ಹೂವು. ಬಗ್ಗಿ ಮೂಸಿದರೆ ಏನು ವಾಸನೆ ಗೊತ್ತೇ? ತೆಂಗಿನಕಾಯಿ! ಆಗತಾನೇ ತುರಿದ ಕಾಯಿಯದೇ ವಾಸನೆ. ತೆಂಗಿನ ಮರ ಬೆಳೆಯದ ಚಳಿದೇಶದ ಮುಳ್ಳುಗಿಡದಲ್ಲಿ ಈ ಪರಿಮಳ ಎಲ್ಲಿಂದ ಬಂತೋ, ಮೂರು ಸಲ ಮೂಸಿದೆ. "ಚಟ್ನಿ ಮಾಡ್ತೀಯೇನೇ?" ಅಂದಳು ಅಕ್ಕ.

ಮೈದಾನದ ಆಕಾರ ಕುರುಬರ ಕೊಕ್ಕೆಕೋಲಿನ ಹಾಗೆ. ನೇರ ಹೋಗಿ ಏಳರಿಂದ ಹನ್ನೊಂದರವರೆಗೆ ಕೊಕ್ಕೆಯಂತೆ ಸುತ್ತಿ ಹಿಂತಿರುಗುತ್ತದೆ. ಎಂಟು, ಒಂಬತ್ತರಲ್ಲಿ ಹೆಚ್ಚಿನದೇನಿಲ್ಲ. ಅಲ್ಲೇ ಹುಲ್ಲಿನಂಚಿನಲ್ಲಿ ಕೂತು ಮೆಂತ್ಯದ ಚಪಾತಿ, ನಿಂಬೆ ಉಪ್ಪಿನಕಾಯಿ ಮುಗಿಸಿ ಫ್ಲಾಸ್ಕಿನ ಕಾಫಿ ಕುಡಿದೆವು. ನಾಯಿ ಕರೆದುಕೊಂಡು ಬಂದವರು, ಕೈಗಾಡಿಯಲ್ಲಿ ಮಗು ತಳ್ಳುವ ತಾಯಂದಿರು, ಕೈಕೈ ಹಿಡಿದ ಮುದುಕ ಮುದುಕಿ, ಎಲ್ಲರೂ ಆ ಮೂವತ್ತು ಸಾವಿರದ ಹುಲ್ಲಿನ ಮೇಲೆ ಪುಕ್ಕಟೆ ನಡೆಯುತ್ತಿದ್ದರು. ಗ್ರೀನಿನ ಮೇಲೆ, ಮರಳಹಳ್ಳದೊಳಗೆ ಮಾತ್ರ ಕಾಲಿಡಬೇಡ ಅಂತ ಅಕ್ಕ ಮೊದಲೇ ಎಚ್ಚರಿಸಿದ್ದಳು.

ಹತ್ತನೆಯದಕ್ಕೆ ಅಮೆರಿಕದ ಬಾಬಿ ಜೋನ್ಸ್‌ನ ಹೆಸರು. ಆದರೆ ಅವನ ನಿಜವಾದ ಕಥೆ ನಡೆದದ್ದು ಹನ್ನೊಂದರಲ್ಲಿ, ಹಿಂದೆ ಈಡನ್ ನದಿಯ ಅಳಿವೆ ಕಾಣುವ ಜಾಗದಲ್ಲಿ. 1921ರಲ್ಲಿ ಹತ್ತೊಂಬತ್ತರ ಹುಡುಗ ಇಲ್ಲಿನ ಮರಳಹಳ್ಳದಲ್ಲಿ ಸಿಕ್ಕಿಕೊಂಡು, ಸಿಟ್ಟಿನಿಂದ ಆಟವನ್ನೇ ಬಿಟ್ಟ. ಊರಿನವರು ಮುಖ ಸಿಂಡರಿಸಿದರು. ಆರು ವರ್ಷದ ಮೇಲೆ, 1927ರಲ್ಲಿ ಬಂದು ಇಲ್ಲೇ ಓಪನ್ ಗೆದ್ದ. 1958ರಲ್ಲಿ ಇದೇ ಊರು ಅವನನ್ನು ಗೌರವ ಪೌರನನ್ನಾಗಿ ಮಾಡಿಕೊಂಡಿತು. ಅಷ್ಟು ಹೊತ್ತಿಗೆ ಕಾಯಿಲೆಯಿಂದ ಅವನಿಗೆ ಸರಿಯಾಗಿ ನಡೆಯಲೂ ಆಗುತ್ತಿರಲಿಲ್ಲ.

ಇಲ್ಲಿ ಒಟ್ಟು 112 ಮರಳಹಳ್ಳಗಳಿವೆ ಅನ್ನುತ್ತಾರೆ. ಗಾಳಿಗೆ ಹೆದರಿ ಕುರಿಗಳು ಒತ್ತೊತ್ತಾಗಿ ಮಲಗಿ ಸವೆದದ್ದೇ ಹಳ್ಳವಾಯಿತು ಅಂತಲೂ ಹೇಳುತ್ತಾರೆ. ಹೆಸರು ಕೇಳಿ: ಐದರ ಬಳಿ 'ಏಳು ಜನ ಅಕ್ಕತಂಗಿಯರು', ಹದಿಮೂರರಲ್ಲಿ 'ಶವಪೆಟ್ಟಿಗೆಗಳು', ಹದಿನಾಲ್ಕರಲ್ಲಿ 'ನರಕ'. ನರಕದ ಅಂಚಿನಲ್ಲಿ ನಿಂತು ಇಣುಕಿದೆ. ಆಳು ಮುಳುಗುವ ಆಳ, ಎದುರಿಗೆ ಹುಲ್ಲಿನ ಗೋಡೆ. 1995ರಲ್ಲಿ ಜಾಕ್ ನಿಕ್ಲಾಸ್‌ನಂಥ ಮಹಾ ಆಟಗಾರನೇ ಇಲ್ಲಿಂದ ಹೊರಬರಲು ನಾಲ್ಕು ಹೊಡೆತ ಹೊಡೆದ.

ಹದಿನೈದರಲ್ಲಿ ಎರಡು ದಿಬ್ಬಗಳಿವೆ. ಅವಕ್ಕೆ ಆ ಕಾಲದಲ್ಲಿ ಚೆನ್ನಾಗಿ ಆಡುತ್ತಿದ್ದ ಮಿಸ್ ಗ್ರೇಂಜರ್ ಎಂಬ ಹೆಂಗಸಿನ ಹೆಸರಿದೆ. ದಿಬ್ಬಗಳನ್ನು ಅವಳ ದೇಹದ ಯಾವ ಭಾಗಕ್ಕೆ ಹೋಲಿಸಿದ್ದಾರೆ ಅಂತ ನಾನು ಬರೆಯುವುದಿಲ್ಲ, ನೀವೇ ಊಹಿಸಿ. ಭಾವನಿಗೂ ಹೇಳಲು ಮುಜುಗರ, ಅಕ್ಕ ಹೇಳಿದಳು. ಗೆದ್ದ ಗಂಡಸರ ಹೆಸರು ಗುಳಿಗೆ, ಆಡಿದ ಹೆಂಗಸಿನ ಹೆಸರು ಇಂಥ ತಮಾಷೆಗೆ! ನನಗಂತೂ ನಗು ಬರಲಿಲ್ಲ.

ಹದಿನಾರು ದಾಟಿ ಹದಿನೇಳಕ್ಕೆ ಬಂದಾಗ ಭಾವನ ಮುಖ ಸಪ್ಪಗಾಯಿತು. ಇದು 'ರೋಡ್ ಹೋಲ್'. ಹಿಂದೆ ಇಲ್ಲಿ ರೈಲಿತ್ತು, 1969ರಲ್ಲಿ ನಿಂತಿತು. ಆ ರೈಲಿನ ಶೆಡ್ಡುಗಳ ಮಾದರಿಯಲ್ಲಿ ಈಗಲೂ ಒಂದು ಶೆಡ್ಡಿದೆ. ಚೆಂಡನ್ನು ಅದರ ಮೇಲಿಂದ ಹಾರಿಸಿ ಹೊಡೆಯಬೇಕು, ಪಕ್ಕದಲ್ಲೇ ದೊಡ್ಡ ಹೋಟೆಲು. ಗುಳಿಯ ಈಚೆ ಮರಳಹಳ್ಳ, ಆಚೆ ರಸ್ತೆ, ರಸ್ತೆಯಾಚೆ ಕಲ್ಲುಗೋಡೆ. 1978ರಲ್ಲಿ ಜಪಾನಿನ ನಾಕಾಜಿಮ ಗ್ರೀನಿನ ಮೇಲಿಂದ ಮೆಲ್ಲಗೆ ತಳ್ಳಿದ ಚೆಂಡು ಉರುಳಿ ಆ ಹಳ್ಳಕ್ಕೇ ಬಿತ್ತು. ನಾಲ್ಕರಲ್ಲಿ ಮುಗಿಯಬೇಕಾದ್ದು ಒಂಬತ್ತಾಯಿತು. ಭಾವನಿಗೆ ಹನ್ನೊಂದು. "ಜಪಾನಿನವನಿಗಿಂತ ಎರಡೇ ಜಾಸ್ತಿ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಹದಿನೆಂಟಕ್ಕೆ ಟಾಮ್ ಮಾರಿಸ್‌ನ ಹೆಸರು. ದಾರಿಯಲ್ಲಿ ಅದೇ ಸ್ವಿಲ್ಕನ್ ತೊರೆಗೆ ಪುಟ್ಟ ಕಲ್ಲಿನ ಸೇತುವೆ. ಸುಮಾರು 700 ವರ್ಷದ ಹಿಂದೆ ಕುರಿದನ ದಾಟಿಸಲು ಕಟ್ಟಿದ್ದಂತೆ. ನಿಂತು ಫೋಟೋ ತೆಗೆಸಿಕೊಳ್ಳುವವರ ತುಳಿತಕ್ಕೆ ಸುತ್ತಲ ಹುಲ್ಲು ಹೋಗುತ್ತದೆಂದು 2023ರಲ್ಲಿ ಚಪ್ಪಡಿ ಹಾಸಿದರು. ಜಗತ್ತಿನ ಮೂಲೆಮೂಲೆಯಿಂದ ಬೈಗುಳ ಬಂದು ಕೆಲವೇ ದಿನದಲ್ಲಿ ಕಿತ್ತು ಹಾಕಿದರು! ನಾವೂ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು.

ಎದುರಿಗೆ ಬೂದುಬಣ್ಣದ ಕಲ್ಲಿನ ಕ್ಲಬ್ಬು. 1754ರಲ್ಲಿ ಹುಟ್ಟಿದ 'ಆರ್ ಅಂಡ್ ಎ' ಕ್ಲಬ್ಬಿನ ಮನೆ ಅದು. ಇಷ್ಟು ವರ್ಷ ಅದು ಬರೀ ಗಂಡಸರ ಕ್ಲಬ್ಬು. 2007ರಲ್ಲಿ ಈ ಮೈದಾನದಲ್ಲಿ ಮೊದಲ ಸಲ ಹೆಂಗಸರ ಬ್ರಿಟಿಷ್ ಓಪನ್ ನಡೆದು ಮೆಕ್ಸಿಕೋದ ಲೊರೆನಾ ಒಚೋವ ಗೆದ್ದಾಗ, ಆ ವಾರ ಆಟಗಾರ್ತಿಯರಿಗೆ ಒಳಗೆ ಬಿಟ್ಟರಂತೆ. ಸದಸ್ಯರಾಗಲು 2014ರ ಸೆಪ್ಟೆಂಬರ್ 18ರವರೆಗೆ ಕಾಯಬೇಕಾಯಿತು. ಅಂದು ಗಂಡಸರೇ ಮತ ಹಾಕಿ ಒಪ್ಪಿದರು. ಅಂದರೆ 260 ವರ್ಷ! ಮುಂದೆ 2024ರಲ್ಲಿ ಪ್ಯಾರಿಸ್ಸಿನ ಚಿನ್ನದ ಪದಕ ಗೆದ್ದ ತಿಂಗಳಲ್ಲೇ ನ್ಯೂಜಿಲೆಂಡಿನ ಲಿಡಿಯಾ ಕೋ ಇಲ್ಲಿ ಗೆದ್ದಳು. ಬಟ್ಟೆ ಒಗೆಯಲು ನೆಲ ಕೊಟ್ಟ ಊರು, ಬಾಗಿಲು ತೆಗೆಯಲು ಇಷ್ಟು ಹೊತ್ತು ಮಾಡಿತಲ್ಲ ಅಂತ ನಾನಂದೆ. "ನೆಲ ಊರಿಂದು, ಬಾಗಿಲು ಕ್ಲಬ್ಬಿಂದು" ಅಂದಳು ಅಕ್ಕ. ಅವಳು ಹೇಳಿದ್ದು ಸರಿಯೇ.

ಹಾಗಂತ ಹೆಂಗಸರು ಕೈಕಟ್ಟಿ ಕೂತಿರಲಿಲ್ಲ. ಎಡಿನ್‌ಬರೋ ಹತ್ತಿರದ ಮಸಲ್‌ಬರೋದಲ್ಲಿ ಮೀನು ಮಾರುವ ಹೆಂಗಸರಿಗಾಗಿ 1811ರ ಹೊಸವರ್ಷದ ದಿನ ಗಾಲ್ಫ್ ಪಂದ್ಯವೇ ಗೊತ್ತುಮಾಡಿದ್ದರು. ಬಹುಮಾನ ಹೊಸ ಮೀನುಬುಟ್ಟಿ, ಶಾಲು, ರೇಷ್ಮೆ ಕರವಸ್ತ್ರ. ಇಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ 1867ರಲ್ಲಿ ಹೆಂಗಸರದೇ ಪಟಿಂಗ್ ಕ್ಲಬ್ಬು ಹುಟ್ಟಿತು. ಪಟಿಂಗ್ ಅಂದರೆ ಚೆಂಡನ್ನು ನೆಲದ ಮೇಲೇ ಮೆಲ್ಲಗೆ ಉರುಳಿಸುವುದು. ಹೆಂಗಸು ಭುಜಕ್ಕಿಂತ ಮೇಲೆ ಕೈ ಎತ್ತಿ ಬೀಸುವುದು ಮರ್ಯಾದೆಯಲ್ಲ ಅನ್ನುತ್ತಿದ್ದ ಕಾಲ ಅದು. ಆ ಜಾಗ ಈಗಲೂ ಇದೆ. ಉಬ್ಬುತಗ್ಗಿನಿಂದಾಗಿ ಅದರ ಹೆಸರೇ 'ಹಿಮಾಲಯ'! ನಡೆಸುವವರು ಈಗಲೂ ಆ ಹೆಂಗಸರ ಕ್ಲಬ್ಬಿನವರೇ. ಕೆಲವೇ ಪೌಂಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು, ಕೋಲು, ಚೆಂಡು ಅವರೇ ಕೊಡುತ್ತಾರೆ.

ಭಾವನನ್ನು ಬೆಂಚಿನ ಮೇಲೆ ಕೂರಿಸಿ ಚೀಲ ಕೊಟ್ಟು ನಾವಿಬ್ಬರೂ ಇಳಿದೆವು. ಎದುರು ದಿಬ್ಬಕ್ಕೆ ತಳ್ಳಿದ ಚೆಂಡು ಹಾಗೇ ತಿರುಗಿ ನಮ್ಮ ಕಾಲ ಬಳಿಗೇ ಬರುತ್ತಿತ್ತು. ನಮ್ಮ ಹಿಂದೆ ಎಂಬತ್ತರ ಹತ್ತಿರದ ಇಬ್ಬರು ಅಜ್ಜಿಯರು ಒಂದೂ ಮಾತಿಲ್ಲದೆ ಎರಡೆರಡು ಹೊಡೆತದಲ್ಲಿ ಗುಳಿ ಮುಗಿಸುತ್ತಾ ಬಂದು, ನಮಗಾಗಿ ಕಾದು ನಿಂತರು. ನಾವು ಪಕ್ಕಕ್ಕೆ ಸರಿದು ಮುಂದೆ ಹೋಗಿ ಅಂತ ಕೈಮಾಡಿದೆವು. ಒಬ್ಬಾಕೆ ಹೋಗುತ್ತಾ ನನ್ನ ಸೀರೆ ಮುಟ್ಟಿ ನೋಡಿ, ಕೋಲನ್ನು ಇನ್ನೂ ಕೆಳಗೆ ಹಿಡಿಯಬೇಕು ಅಂತ ಕೈ ಸರಿಪಡಿಸಿದಳು. ಮುಂದಿನ ಗುಳಿ ಮೂರು ಹೊಡೆತಕ್ಕೆ ಬಿತ್ತು.