ಬೀಗದೊಳಗಿನ ಹುಡುಕಾಟ

ಸಾಸ್ವೆಹಳ್ಳಿಯಂಥ ಊರಿನಲ್ಲಿ ಗುಟ್ಟು ಬಯಲಾಗಲು ಯಾರೂ ಕಾಗದ ಓದಬೇಕಾಗಿಲ್ಲ. ನಾಡಕಚೇರಿಗೆ ಹೋಗಿ ಒಂದೇ ಸರ್ವೆ ನಂಬರಿನ ಪಹಣಿಯನ್ನು ವಾರದಲ್ಲಿ ಮೂರು ಸಲ ಕೇಳಿದರೆ ಸಾಕು, ಸಂಜೆಯೊಳಗೆ ಹೋಟೆಲಿನಲ್ಲಿ ಮಾತು ಶುರು: 'ಅಣ್ಣ ತಮ್ಮಂದಿರು ಪಾಲಾಗ್ತಾರಂತೆ!' ಪಹಣಿಯೇನೂ ಗುಟ್ಟಿನ ಕಾಗದವಲ್ಲ. 'ಭೂಮಿ' ಯೋಜನೆಯಲ್ಲಿ ಅದು ಕಂಪ್ಯೂಟರಿಗೆ ಏರಿದ ಮೇಲೆ ಯಾರು ಬೇಕಾದರೂ ನೋಡಬಹುದು. ಗುಟ್ಟು ಇದ್ದದ್ದು ಕೇಳಿದ್ದರಲ್ಲಿ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳ ಪ್ರಾಜೆಕ್ಟು ನೋಡಿದಾಗ ಇದೆಲ್ಲ ನೆನಪಾಯಿತು. ನಮ್ಮ ಅಮ್ಮನ ಆಸ್ಪತ್ರೆಯ ಕಾಗದಗಳು ಒಂದು ಟ್ರಂಕು ತುಂಬ ಇವೆ. ಅವನ್ನೆಲ್ಲ ಫೋಟೊ ತೆಗೆದು 'ಕ್ಲೌಡ್'ನಲ್ಲಿ ಇಡೋಣ ಎಂದಳು ಹುಡುಗಿ. ಹೆಸರು ಮೋಡವಾದರೂ ಅದು ಯಾವುದೋ ಊರಿನಲ್ಲಿರುವ ಯಾರದೋ ಕಂಪ್ಯೂಟರು. ಅತ್ತಿಗೆ ಒಪ್ಪಲಿಲ್ಲ. ಮದುವೆಗೆ ಬಂದ ಮಗಳು ಮನೆಯಲ್ಲಿರುವಾಗ ಅಜ್ಜಿಯ ಕಾಯಿಲೆ ಪರರ ಬಾಯಿಗೆ ಬೀಳಬಾರದೆಂದು ಅವರ ಪಟ್ಟು. (ಕಾಯಿಲೆಯ ಹೆಸರನ್ನು ಇಲ್ಲಿ ಬರೆದರೆ ನನಗೆ ಆ ಮನೆಯಲ್ಲಿ ಊಟವಿಲ್ಲ.) ಹಳ್ಳಿಯವರ ಅಂಜಿಕೆ ಎಂದು ನಗುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು, ನಮ್ಮ ಹೈಕೋರ್ಟಿನಿಂದ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ.

ಗೂಢಲಿಪಿಯ ಬೀಗ ಹಾಕಿಯೇ ಇಡುತ್ತೇನೆ ಎಂದಳು ಹುಡುಗಿ. ಆದರೆ ಡಾಕ್ಟರು 'ಹಳೆಯ ಸ್ಕ್ಯಾನ್ ಎಲ್ಲಿ?' ಎಂದು ಕೇಳಿದಾಗ? ಬೀಗ ಹಾಕಿದ ನೂರಾರು ಹಾಳೆಗಳಲ್ಲಿ ಅದು ಯಾವುದೆಂದು ಕಾಯುವವನಿಗೂ ತಿಳಿಯದು. ಎಲ್ಲವನ್ನೂ ತರಿಸಿ, ಬಿಚ್ಚಿ ನೋಡುವುದಾದರೆ ಟ್ರಂಕೇ ವಾಸಿ.

2000ನೇ ಇಸವಿಯಲ್ಲಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಡಾನ್ ಸಾಂಗ್, ಡೇವಿಡ್ ವ್ಯಾಗ್ನರ್, ಏಡ್ರಿಯನ್ ಪೆರಿಗ್ ಇದಕ್ಕೊಂದು ದಾರಿ ತೋರಿಸಿದರು. ಆಮೇಲೆ ಹಲವರು ಬೆಳೆಸಿದ ವಿಧಾನ ಸ್ಥೂಲವಾಗಿ ಹೀಗಿದೆ. ಹಾಳೆ ಕಳಿಸುವ ಮೊದಲು ಅದರ ಮುಖ್ಯ ಪದಗಳನ್ನು ನಮ್ಮಲ್ಲೇ ಉಳಿಯುವ ಕೀಲಿಯಿಂದ ಅರ್ಥವಿಲ್ಲದ ಗುರುತುಗಳನ್ನಾಗಿ ಮಾಡಿ, ಯಾವ ಗುರುತಿಗೆ ಯಾವ ಹಾಳೆ ಎಂಬ ಪಟ್ಟಿಯನ್ನೂ ಬೀಗ ಹಾಕಿದ ಹಾಳೆಗಳ ಜೊತೆ ಕಳಿಸುವುದು. ಬೇಕಾದಾಗ 'ಸ್ಕ್ಯಾನ್' ಎಂದು ಕೇಳದೆ ಅದರ ಗುರುತನ್ನಷ್ಟೇ ಕಳಿಸುತ್ತೇವೆ. ಪದವೂ ಕೀಲಿಯೂ ಅದೇ ಆದ್ದರಿಂದ ಗುರುತೂ ಅದೇ ಬರುತ್ತದೆ. ಕಾಯುವವನು ಗುರುತಿಗೆ ಗುರುತು ಹೊಂದಿಸಿ, ಬೀಗ ಹಾಕಿದ ಹಾಳೆಯನ್ನು ಹಾಗೆಯೇ ಕಳಿಸುತ್ತಾನೆ. ಬಿಚ್ಚುವುದು ನಮ್ಮ ಮನೆಯಲ್ಲಿ. ಓದು ಬಾರದ ಆಳು ಮುಚ್ಚಳದ ಮೇಲಿನ ಗೀಟು ನೋಡಿ ಡಬ್ಬಿ ತಂದುಕೊಟ್ಟ ಹಾಗೆ.

ಇಷ್ಟಾದರೂ ನಾಡಕಚೇರಿಯ ಕಾಟ ಇಲ್ಲೂ ತಪ್ಪಿದ್ದಲ್ಲ. ಅದೇ ಗುರುತು ತಿಂಗಳಿಗೊಮ್ಮೆ ಬರುತ್ತದೆ, ಅದಕ್ಕೆ ಅವೇ ಹಾಳೆಗಳು ಹೋಗುತ್ತವೆ ಎಂಬುದಂತೂ ಕಾಯುವವನಿಗೆ ಕಾಣುತ್ತದೆ. 2012ರಲ್ಲಿ ಮೂವರು ಸಂಶೋಧಕರು ಎನ್ರಾನ್ ಕಂಪೆನಿಯ ಇ-ಮೇಲ್‌ಗಳ ಮೇಲೆ ಇದನ್ನೇ ಪ್ರಯೋಗಿಸಿದರು. ಯಾವ ಪದದ ಜೊತೆ ಯಾವುದು ಎಷ್ಟು ಸಲ ಬರುತ್ತದೆಂಬ ಅಂದಾಜಿದ್ದವನು, ಹುಡುಕಿದ ಪದಗಳಲ್ಲಿ ಬಹುಪಾಲನ್ನು ಊಹಿಸಬಲ್ಲ ಎಂದು ಗೊತ್ತಾಯಿತು. ಒಂದು ಬೀಗವನ್ನೂ ಮುರಿಯದೆ!

ಹುಡುಗಿ ಈಗ ಒಂದು ಪದ ಹುಡುಕುವಾಗ ಬೇಡದ ನಾಲ್ಕು ಪದಗಳನ್ನೂ ಸೇರಿಸಿ ಕೇಳುವಂತೆ ಮಾಡಿದ್ದಾಳೆ. ಇದರಿಂದ ಊಹೆ ಕಷ್ಟವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಬೇಡದ ಹಾಳೆ ತರಿಸುವ ಖರ್ಚು ಬೇರೆ. ಗೂಢಲಿಪಿಯ ಗಣಿತ ತಲೆಗೆ ಹತ್ತದಿದ್ದರೂ ಇದೊಂದು ಅತ್ತಿಗೆಗೆ ತಕ್ಷಣ ಅರ್ಥವಾಯಿತು. ಅಮ್ಮನ ಮಾತ್ರೆಗಳನ್ನು ಅವರು ತರುವುದು ಊರು ಬಿಟ್ಟು ಹೊನ್ನಾಳಿಯಿಂದ, ಅದೂ ಜೊತೆಗೊಂದು ನೆಗಡಿ ಮಾತ್ರೆ, ಒಂದು ಅಮೃತಾಂಜನ ಸೇರಿಸಿಕೊಂಡು.